ಹೋಗಿ ಬರುವವರ ಏಣಿ

ಒಂದು ಚಿತ್ರ. ಅದರಲ್ಲಿ ನೆಲದಿಂದ ಮೋಡದವರೆಗೆ ಮೆಟ್ಟಿಲುಗಳು. ನಡುವಿನ ಮೆಟ್ಟಿಲ ಮೇಲೆ ಒಬ್ಬ ದೇವದೂತ ಪಕ್ಕಕ್ಕೆ ತಿರುಗಿ ನಿಂತಿದ್ದಾನೆ. ಅವನು ಹತ್ತುತ್ತಿದ್ದಾನಾ, ಇಳಿಯುತ್ತಿದ್ದಾನಾ? ನಲವತ್ತು ವರ್ಷದಿಂದ ಈ ಪ್ರಶ್ನೆ ನನ್ನ ಜೊತೆಗಿದೆ. ಹೋದ ವರ್ಷ ಅಮ್ಮ ತೀರಿಕೊಂಡ ಮೇಲೆ ಜಾಸ್ತಿಯಾಗಿದೆ. ನಿದ್ದೆ ಬಾರದ ರಾತ್ರಿಗಳಲ್ಲಿ ದೇವದೂತರ ಚಿತ್ರಗಳನ್ನು, ಏಣಿಯ ಚಿತ್ರಗಳನ್ನು ಹುಡುಕಿ ಹುಡುಕಿ ನೋಡುತ್ತೇನೆ. ಮುಖ ನೋಡುವುದು ಕಡಿಮೆ. ಪಾದ ನೋಡುತ್ತೇನೆ. ಯಾರ ಕಾಲು ಯಾವ ಮೆಟ್ಟಿಲ ಮೇಲಿದೆ, ಯಾವ ಕಾಲಿನ ಮೇಲೆ ಭಾರ ಬಿದ್ದಿದೆ ಅಂತ.

ಅಪ್ಪನಿಗೆ ಬ್ಯಾಂಕಿನಲ್ಲಿ ಕೆಲಸ. ಮೈಸೂರಿನಿಂದ ಮಂಗಳೂರಿಗೆ ವರ್ಗವಾದಾಗ ನನಗೆ ಎಂಟು ವರ್ಷ, ಅಕ್ಕನಿಗೆ ಹನ್ನೊಂದು. ನಮ್ಮ ಬಾಡಿಗೆ ಮನೆಯ ಎದುರಿನ ಹಂಚಿನ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಬೀದಿಯವರೆಲ್ಲ ಅವರನ್ನು ಬಾಯಮ್ಮ ಅನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಸಂಜೆ ಇಗರ್ಜಿಯ ಗಂಟೆ ಕೇಳಿದರೆ ಬಾಯಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಅದು ಆಮೋರಿಯ ಗಂಟೆ. ದೇವದೂತ ಬಂದು ಯೇಸುವಿನ ತಾಯಿ ಮರಿಯಮ್ಮನಿಗೆ ಸುದ್ದಿ ಹೇಳಿದ ಗಳಿಗೆಯನ್ನು ನೆನೆಯುವ ಪ್ರಾರ್ಥನೆ. ಅವರು ಕಣ್ಣು ಮುಚ್ಚಿ ಕೊಂಕಣಿಯಲ್ಲಿ ಪಿಸುಗುಡುತ್ತಿದ್ದಷ್ಟು ಹೊತ್ತು ನಾವಿಬ್ಬರೂ ಮಿಸುಕಾಡದೆ ಕೂತಿರುತ್ತಿದ್ದೆವು. ಮುಗಿದ ಮೇಲೆ ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದು ಕೊಡುತ್ತಿದ್ದರು. ಚಿತ್ರಗಳಿದ್ದ ಹಳೆಯ ಬೈಬಲ್. ಕಪ್ಪು ಬಿಳುಪಿನ ಗೆರೆಯ ಚಿತ್ರಗಳು, ಪ್ರತಿ ಚಿತ್ರದ ಮೇಲೂ ತೆಳುವಾದ ಬೆಣ್ಣೆ ಕಾಗದ. ಅದನ್ನು ಎತ್ತುವಾಗ ಬರುತ್ತಿದ್ದ ಸರಸರ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಆ ಮೆಟ್ಟಿಲಿನ ಚಿತ್ರ ಅಲ್ಲಿತ್ತು. ಕೆಳಗೆ ಕಲ್ಲಿನ ಮೇಲೆ ತಲೆಯಿಟ್ಟು ಒಬ್ಬ ಮಲಗಿದ್ದ. ಮೇಲೆ ಬೆಳಕು. ನಡುವೆ ರೆಕ್ಕೆಯವರು. ಆ ನಡುವಿನವನು ಹತ್ತುತ್ತಿದ್ದಾನೆ ಅಂತ ನಾನು, ಇಳಿಯುತ್ತಿದ್ದಾನೆ ಅಂತ ಅಕ್ಕ. ದಿನಾ ಜಗಳ. ಕೊನೆಗೆ ಬಾಯಮ್ಮನನ್ನೇ ಕೇಳಿದೆವು. ಅವರು ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ನನಗೂ ಗೊತ್ತಾಗ್ಲಿಲ್ಲ ಮಗಾ" ಅಂದು ಪುಸ್ತಕ ಮುಚ್ಚಿ, ಇಬ್ಬರ ಕೈಗೂ ಒಂದೊಂದು ಚಕ್ಕುಲಿ ಇಟ್ಟರು.

ಮೊದಲು ಹತ್ತಿದರು, ಆಮೇಲೆ ಇಳಿದರು

ಮಲಗಿದ್ದವನು ಯಾಕೋಬ. ಅಣ್ಣನ ಕೋಪಕ್ಕೆ ಹೆದರಿ ಮನೆ ಬಿಟ್ಟು ಓಡುತ್ತಿದ್ದವನು. ಬೇರ್ಷೆಬದಿಂದ ಹಾರಾನಿಗೆ ಹೊರಟವನಿಗೆ ದಾರಿಯಲ್ಲಿ ಕತ್ತಲಾಗುತ್ತದೆ. ಸಿಕ್ಕ ಕಲ್ಲನ್ನೇ ತಲೆದಿಂಬು ಮಾಡಿಕೊಂಡು ಮಲಗುತ್ತಾನೆ. ಕನಸಿನಲ್ಲಿ ಒಂದು ಏಣಿ ಕಾಣುತ್ತದೆ. ಬುಡ ನೆಲದಲ್ಲಿ, ತುದಿ ಆಕಾಶದಲ್ಲಿ. ಅದರ ಮೇಲೆ ದೇವದೂತರು ಹತ್ತುತ್ತ ಇಳಿಯುತ್ತ ಇದ್ದಾರೆ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 28ನೇ ಅಧ್ಯಾಯದಲ್ಲಿ ಈ ಕನಸಿಗೆ ಸಿಕ್ಕಿರುವುದು ಕೆಲವೇ ಸಾಲು. ಆ ಕೆಲವು ಸಾಲಿನಿಂದ ಹದಿನೇಳು ನೂರು ವರ್ಷಕ್ಕೂ ಹೆಚ್ಚು ಕಾಲ ಚಿತ್ರಗಳು ಹುಟ್ಟುತ್ತಲೇ ಬಂದಿವೆ.

ಮೂಲ ಹೀಬ್ರೂವಿನಲ್ಲಿ ಅದಕ್ಕೆ 'ಸುಲ್ಲಾಮ್' ಎಂಬ ಪದವಿದೆ. ಇಡೀ ಹೀಬ್ರೂ ಬೈಬಲಿನಲ್ಲಿ ಈ ಪದ ಬರುವುದು ಇಲ್ಲಿ ಮಾತ್ರ. ಏಣಿ ಅಂತಲೂ ಓದಬಹುದು, ಮೆಟ್ಟಿಲ ಸಾಲು ಅಂತಲೂ ಓದಬಹುದು. ಗ್ರೀಕಿಗೆ ಹೋದಾಗ ಅದು 'ಕ್ಲಿಮಾಕ್ಸ್' ಆಯಿತು. ನಾವು ಸಿನಿಮಾದ ಕೊನೆಗೆ ಕ್ಲೈಮ್ಯಾಕ್ಸ್ ಅಂತೀವಲ್ಲ, ಅದೇ ಪದ. ಅದರ ಮೊದಲ ಅರ್ಥ ಏಣಿ ಅಂತ ತಿಳಿದ ದಿನ ನನಗೆ ಬಹಳ ಖುಷಿಯಾಗಿತ್ತು. ಇನ್ನೊಂದು ವಿಷಯ ನನಗೆ ಇನ್ನೂ ಹತ್ತಿರದ್ದು. ದೇವರು ಎಲ್ಲಿ ನಿಂತಿದ್ದ ಅನ್ನುವುದಕ್ಕೆ ಹೀಬ್ರೂವಿನ ಮಾತು ಎರಡು ಅರ್ಥ ಕೊಡುತ್ತದೆ. ಏಣಿಯ ಮೇಲೆ ನಿಂತಿದ್ದ ಅನ್ನಬಹುದು. ಯಾಕೋಬನ ಪಕ್ಕದಲ್ಲಿ ನಿಂತಿದ್ದ ಅಂತಲೂ ಅನ್ನಬಹುದು. ಚಿತ್ರಕಾರರು ಹೆಚ್ಚಾಗಿ ಮೊದಲನೆಯದನ್ನೇ ಹಿಡಿದರು. ದೇವರನ್ನು ತುದಿಯಲ್ಲಿ ಕೂರಿಸಿದರು.

ಆದರೆ ನನ್ನನ್ನು ನಿಲ್ಲಿಸಿದ್ದು ಪದಗಳ ಸರದಿ. ಹತ್ತುತ್ತ, ಇಳಿಯುತ್ತ. ದೇವದೂತರು ಸ್ವರ್ಗದವರು ಅಲ್ವಾ? ಹಾಗಿದ್ದರೆ ಮೊದಲು ಇಳಿಯಬೇಕಿತ್ತು. ಇದನ್ನು ಗಮನಿಸಿದವರು ಹಿಂದೆಯೂ ಇದ್ದರು. ಹನ್ನೊಂದನೇ ಶತಮಾನದಲ್ಲಿ ಫ್ರಾನ್ಸಿನಲ್ಲಿದ್ದ ರಾಶಿ ಎಂಬ ಯಹೂದಿ ಪಂಡಿತರು ಹೀಗೆ ವಿವರಿಸುತ್ತಾರೆ: ತಾಯ್ನಾಡಿನಲ್ಲಿ ಯಾಕೋಬನ ಜೊತೆಗಿದ್ದ ದೂತರು ನಾಡಿನ ಗಡಿ ದಾಟುವುದಿಲ್ಲ, ಅವರು ಮೇಲೆ ಹೋದರು, ಹೊರನಾಡಿನಲ್ಲಿ ಜೊತೆಗಿರಬೇಕಾದ ದೂತರು ಕೆಳಗೆ ಬಂದರು. ಅಂದರೆ ಯಾಕೋಬ ಮಲಗುವ ಮೊದಲೇ ಅವರು ಇಲ್ಲಿದ್ದರು. ಮನೆ ಬಿಟ್ಟು ಓಡುತ್ತಿದ್ದ ಆ ಹುಡುಗನ ಹಿಂದೆಯೇ ನಡೆದು ಬಂದಿದ್ದರು. ಅವನಿಗೆ ಕಂಡಿರಲಿಲ್ಲ, ಅಷ್ಟೇ.

ದೂತ ಅನ್ನುವ ನಮ್ಮ ಪದ ಇಲ್ಲಿ ಸರಿಯಾಗಿ ಕೂರುತ್ತದೆ. ಹೀಬ್ರೂವಿನ 'ಮಲಾಖ್', ಗ್ರೀಕಿನ 'ಆಂಗೆಲೋಸ್', ಎರಡಕ್ಕೂ ಸುದ್ದಿ ಒಯ್ಯುವವನು ಅಂತಲೇ ಅರ್ಥ. ಬಾಯಮ್ಮ ಅನ್ನುತ್ತಿದ್ದ 'ಆಂಜ್' ಪೋರ್ಚುಗೀಸರ ಬಾಯಿಂದ ಕೊಂಕಣಿಗೆ ಬಂದದ್ದು, ಅದರ ಬೇರೂ ಅದೇ ಗ್ರೀಕ್. ದೂತನ ಕೆಲಸ ಹೋಗುವುದರಲ್ಲಿ ಮುಗಿಯುವುದಿಲ್ಲ. ಹನುಮಂತ ಲಂಕೆಗೆ ಹಾರಿದ್ದು ಅರ್ಧ ಕೆಲಸ. ಚೂಡಾಮಣಿ ಹಿಡಿದು ತಿರುಗಿ ಬಂದು, ಕಂಡೆ ಅಂತ ರಾಮನಿಗೆ ಹೇಳಿದಾಗಲೇ ಅದು ಪೂರ್ತಿಯಾಯಿತು.

ಚಿಕ್ಕವನಿದ್ದಾಗ ಒಂದು ದಿನ ಚೀಲ ಹೆಗಲಿಗೇರಿಸಿ "ಅಮ್ಮಾ, ಹೋಗ್ತೀನಿ" ಅಂದೆ. ಒಲೆ ಮುಂದಿದ್ದ ಅಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದಳು. "ಹೋಗ್ತೀನಿ ಅನ್ಬಾರ್ದು. ಹೋಗಿ ಬರ್ತೀನಿ ಅನ್ನು." ನಾನು ತಿದ್ದಿ ಹೇಳುವವರೆಗೂ ಹೊಸಿಲು ದಾಟಲು ಬಿಡಲಿಲ್ಲ. ಕನ್ನಡದ ಮನೆಗಳಲ್ಲಿ ಇದನ್ನು ಕೇಳದೆ ಬೆಳೆದವರು ಯಾರಿದ್ದಾರೆ? ಆದಿಕಾಂಡದ ಆ ಸಾಲನ್ನು ದೊಡ್ಡವನಾಗಿ ಓದಿದಾಗ ನನಗೆ ಕೇಳಿಸಿದ್ದು ಅಮ್ಮನ ಧ್ವನಿ. ಆ ದೂತರು ಯಾಕೋಬನಿಗೆ ಹೋಗಿ ಬರ್ತೀವಿ ಅನ್ನುತ್ತಿದ್ದಾರೆ. ಮೊದಲು ಹೋಗುವುದು, ಆಮೇಲೆ ಬರುವುದು. ಸರದಿ ಸರಿಯಾಗಿಯೇ ಇದೆ.

ಗೆರೆ ಎಳೆಯುವವನ ಕಷ್ಟ

ಏಣಿ ಹತ್ತುವವನೂ ಏಣಿ ಇಳಿಯುವವನೂ ನಿಂತ ಚಿತ್ರದಲ್ಲಿ ಒಂದೇ ಥರ ಕಾಣುತ್ತಾರೆ. ನೀವೇ ಯೋಚಿಸಿ ನೋಡಿ. ಏಣಿ ಇಳಿಯುವಾಗಲೂ ನಾವು ಏಣಿಯ ಕಡೆಗೇ ಮುಖ ಮಾಡುತ್ತೇವೆ. ಅಟ್ಟದಿಂದ ಉಪ್ಪಿನಕಾಯಿ ಜಾಡಿ ಇಳಿಸುವಾಗ ಅಜ್ಜಿ ಹೇಳಿಕೊಟ್ಟದ್ದೂ ಅದನ್ನೇ. ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ, ಎರಡೂ ಕೈ ಹಿಡಿಯಲ್ಲಿ. ಆ ಕ್ಷಣದ ಫೋಟೋ ತೆಗೆದರೆ ಹತ್ತುತ್ತಿದ್ದಾಳೋ ಇಳಿಯುತ್ತಿದ್ದಾಳೋ ಯಾರೂ ಹೇಳಲಾರರು. ಹತ್ತುತ್ತ ಇಳಿಯುತ್ತ ಅಂತ ಗ್ರಂಥ ಹೇಳುತ್ತದೆ. ಅದನ್ನು ಗೋಡೆಯ ಮೇಲೆ ತೋರಿಸುವುದು ಹೇಗೆ? ಇನ್ನೊಂದು ತೊಡಕೂ ಇದೆ. ಒಂದು ಏಣಿಯ ಮೇಲೆ ಇಬ್ಬರು ಎದುರಾದರೆ ದಾಟುವುದು ಹೇಗೆ?

ರೋಮಿನ ವಿಯಾ ಲಾಟಿನಾ ರಸ್ತೆಯ ಕೆಳಗೆ ನಾಲ್ಕನೇ ಶತಮಾನದ ನೆಲಮಾಳಿಗೆ ಸಮಾಧಿಗಳಿವೆ. 1955ರಲ್ಲಿ ಪತ್ತೆಯಾದವು. ಅಲ್ಲಿ ಯಾಕೋಬನ ಕನಸಿನ ಚಿತ್ರವಿದೆ. ಏಣಿಯ ಮೇಲಿರುವವರಿಗೆ ರೆಕ್ಕೆಗಳಿಲ್ಲ. ನಿಲುವಂಗಿ ತೊಟ್ಟ ಸಾಮಾನ್ಯ ಗಂಡಸರ ಹಾಗಿದ್ದಾರೆ. ಕ್ರೈಸ್ತ ಚಿತ್ರಗಳಲ್ಲಿ ದೇವದೂತರಿಗೆ ರೆಕ್ಕೆ ಮೂಡಿದ್ದು ಆ ಶತಮಾನದ ಕೊನೆಯ ಹೊತ್ತಿಗೆ. ರೆಕ್ಕೆ ಇದ್ದವರಿಗೆ ಏಣಿ ಯಾಕೆ ಅಂತ ಮಕ್ಕಳು ಕೇಳುತ್ತಾರಲ್ಲ, ಉತ್ತರ ಇಲ್ಲಿದೆ. ಏಣಿ ಮೊದಲು ಬಂತು. ರೆಕ್ಕೆ ಆಮೇಲೆ ಬಂತು. ರೆಕ್ಕೆ ಬಂದ ಮೇಲೂ ಏಣಿಯನ್ನು ಯಾರೂ ತೆಗೆದು ಹಾಕಲಿಲ್ಲ. ಹಾರಿ ಬರುವವರನ್ನು ನಡೆಸುವ ಆಸೆ ಯಾರಿಗೂ ಹೋಗಲಿಲ್ಲ.

ಇಂಗ್ಲೆಂಡಿನ ಬಾತ್ ಊರಿನ ದೊಡ್ಡ ಚರ್ಚಿನ ಪಶ್ಚಿಮದ ಗೋಡೆಯಲ್ಲಿ, ಕಿಟಕಿಯ ಎರಡೂ ಕಡೆ ಕಲ್ಲಿನ ಏಣಿಗಳಿವೆ. 1499ರಲ್ಲಿ ಆಲಿವರ್ ಕಿಂಗ್ ಎಂಬ ಬಿಷಪ್‌ಗೆ ಯಾಕೋಬನಂಥದೇ ಕನಸು ಬಿದ್ದು, ಪಾಳುಬಿದ್ದ ಚರ್ಚನ್ನು ಮತ್ತೆ ಕಟ್ಟಿಸಲು ಹೊರಟರು ಅಂತ ಅಲ್ಲಿಯ ಹಳೆಯ ಕಥೆ. ಆ ಏಣಿಗಳಲ್ಲಿ ಕೆಲವು ದೂತರು ತಲೆ ಕೆಳಗಾಗಿ ಇದ್ದಾರೆ. ಹಲ್ಲಿಯ ಹಾಗೆ ತಲೆ ಮುಂದಾಗಿ ಇಳಿಯುತ್ತಿದ್ದಾರೆ. ನೋಡಿದವರು ನಗುತ್ತಾರಂತೆ. ನನಗೆ ಆ ಶಿಲ್ಪಿಯ ಮೇಲೆ ಪ್ರೀತಿ ಬಂತು. ಇವರು ಇಳಿಯುತ್ತಿದ್ದಾರೆ ಅಂತ ರಸ್ತೆಯಲ್ಲಿ ನಿಂತವನಿಗೂ ಗೊತ್ತಾಗಬೇಕು ಅಂದರೆ ಏಣಿಯ ಮೇಲೆ ಇನ್ನೇನು ದಾರಿಯಿದೆ? ಬರುತ್ತಿದ್ದಾರೆ ಅನ್ನುವುದೇ ಅವನಿಗೆ ಮುಖ್ಯವಾಗಿತ್ತು. ಅದಕ್ಕಾಗಿ ದೇವದೂತನನ್ನೇ ತಲೆಕೆಳಗೆ ಮಾಡಿದ.

ಮೆಟ್ಟಿಲು ಬರೆದವರಿಗೆ ಈ ಕಷ್ಟವಿಲ್ಲ. ಮೆಟ್ಟಿಲ ಮೇಲೆ ಇಳಿಯುವವರ ಮುಖ ನಮ್ಮ ಕಡೆಗಿರುತ್ತದೆ, ಹತ್ತುವವರ ಬೆನ್ನು ಕಾಣುತ್ತದೆ. ಎದುರಾದವರು ಪಕ್ಕಕ್ಕೆ ಸರಿದು ದಾರಿ ಬಿಡಬಹುದು, ನಿಂತು ಮಾತಾಡಬಹುದು. ವಿಲಿಯಂ ಬ್ಲೇಕ್ 1805ರ ಸುಮಾರಿಗೆ ಬರೆದ ಜಲವರ್ಣ ಚಿತ್ರ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರಲ್ಲಿ ಏಣಿ ಇಲ್ಲವೇ ಇಲ್ಲ. ಸುರುಳಿ ಸುತ್ತಿಕೊಂಡು ನಕ್ಷತ್ರಗಳ ನಡುವೆ ಏರುವ ಅಗಲವಾದ ಮೆಟ್ಟಿಲುಗಳು. ಅದರ ಮೇಲೆ ಹೆಂಗಸರಿದ್ದಾರೆ, ಮಕ್ಕಳಿದ್ದಾರೆ. ತಲೆಯ ಮೇಲೆ ಹೊರೆ ಹೊತ್ತು ನಡೆಯುವ ಹೆಂಗಸನ್ನು ನೋಡಿದರೆ ನೀರು ಹೊತ್ತು ಕೆರೆ ಏರಿ ಮೇಲೆ ಬರುವವರ ನೆನಪಾಗುತ್ತದೆ. ಅದು ಜನ ಓಡಾಡುವ ಬೀದಿ. ಯಾರಿಗೂ ಅವಸರವಿಲ್ಲ. ಕೆಳಗೆ ಯಾಕೋಬ ಒಳ್ಳೆಯ ನಿದ್ದೆಯಲ್ಲಿದ್ದಾನೆ. ನಾನು ನೋಡಿದ ಎಲ್ಲ ಚಿತ್ರಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು.

ಸ್ಪೇನಿನ ರಿಬೇರಾ 1639ರಲ್ಲಿ ಬರೆದ ಚಿತ್ರ ಮಾಡ್ರಿಡ್‌ನ ಪ್ರಾಡೋ ಮ್ಯೂಸಿಯಂನಲ್ಲಿದೆ. ಅದರಲ್ಲಿ ಏಣಿಯೂ ಇಲ್ಲ, ಮೆಟ್ಟಿಲೂ ಇಲ್ಲ. ದಣಿದು ಮಲಗಿದ ಒಬ್ಬ ಮನುಷ್ಯ, ಅವನ ಹಿಂದೆ ಓರೆಯಾಗಿ ಬಿದ್ದ ಹೊನ್ನಿನ ಬೆಳಕು. ಹತ್ತಿರ ಹೋಗಿ ದಿಟ್ಟಿಸಿದರೆ ಆ ಬೆಳಕಿನೊಳಗೆ ಮಸುಕಾದ ಆಕಾರಗಳು. ಅಷ್ಟೇ.

ಇಷ್ಟೂ ಚಿತ್ರಗಳಲ್ಲಿ ಒಂದು ಸಂಗತಿ ಮಾತ್ರ ಬದಲಾಗುವುದಿಲ್ಲ. ಯಾಕೋಬ ಏಣಿ ಹತ್ತುವುದಿಲ್ಲ. ಹತ್ತು ಅಂತ ಅವನಿಗೆ ಯಾರೂ ಹೇಳುವುದೂ ಇಲ್ಲ. ಆಗದ ಕೆಲಸಕ್ಕೆ ಕೈ ಹಾಕುವವರಿಗೆ ನಾವು ಆಕಾಶಕ್ಕೆ ಏಣಿ ಹಾಕಬೇಡ ಅಂತೀವಿ. ಇವನು ಏಣಿ ಹಾಕಿದವನಲ್ಲ. ಮಲಗಿದ್ದ, ಏಣಿ ಬಂತು. ಎದ್ದ ಮೇಲೆ ಅವನು ಹೇಳಿದ್ದು, ದೇವರು ಇಲ್ಲಿದ್ದಾನೆ, ನನಗೆ ಗೊತ್ತೇ ಇರಲಿಲ್ಲ ಅಂತ. ಆಮೇಲೆ ತನ್ನ ದಾರಿ ಹಿಡಿದು ನಡೆದ.

ಬೀಳುವವರ ಏಣಿ

ಇನ್ನೊಂದು ಏಣಿ ಇದೆ. ಅದು ಹತ್ತುವವರದು. ಈಜಿಪ್ಟಿನ ಸಿನಾಯ್ ಬೆಟ್ಟದ ಬುಡದಲ್ಲಿ ಸಂತ ಕ್ಯಾಥರೀನಳ ಮಠವಿದೆ. ಅಲ್ಲಿ ಹನ್ನೆರಡನೇ ಶತಮಾನದ ಕೊನೆಯ ಒಂದು ಮರದ ಹಲಗೆಯ ಚಿತ್ರವಿದೆ. ಎತ್ತರ ಸುಮಾರು 41 ಸೆಂಟಿಮೀಟರ್, ಒಂದು ದೊಡ್ಡ ಪುಸ್ತಕದಷ್ಟು. ಹಿನ್ನೆಲೆಯೆಲ್ಲ ಚಿನ್ನ. ಎಡ ಮೂಲೆಯಿಂದ ಬಲ ಮೂಲೆಗೆ ಓರೆಯಾಗಿ 30 ಮೆಟ್ಟಿನ ಏಣಿ. ಆ ಮಠದಲ್ಲಿ ಏಳನೇ ಶತಮಾನದಲ್ಲಿದ್ದ ಯೋಹಾನ ಎಂಬ ಸನ್ಯಾಸಿ, ಮಠದವರಿಗಾಗಿ 30 ಅಧ್ಯಾಯಗಳ ಪುಸ್ತಕ ಬರೆದ. ಒಂದೊಂದು ಅಧ್ಯಾಯವೂ ಒಂದೊಂದು ಮೆಟ್ಟು. ಲೋಕ ಬಿಡುವುದು ಮೊದಲನೆಯದು, ಪ್ರೀತಿ ಕೊನೆಯದು. ಪುಸ್ತಕದಿಂದಾಗಿ ಅವನಿಗೆ ಕ್ಲಿಮಾಕಸ್ ಅಂತಲೇ ಹೆಸರಾಯಿತು, ಏಣಿಯವನು ಅಂತ. ಚಿತ್ರದಲ್ಲಿ ಎಲ್ಲರಿಗಿಂತ ಮುಂದೆ ತುದಿಯಲ್ಲಿರುವುದು ಅವನೇ. ಕ್ರಿಸ್ತ ಆಕಾಶದ ಮೂಲೆಯಿಂದ ಬಾಗಿ ಅವನನ್ನು ಬರಮಾಡಿಕೊಳ್ಳುತ್ತಿದ್ದಾನೆ. ಹಿಂದೆ ಸಾಲಾಗಿ ಸನ್ಯಾಸಿಗಳು. ಇದ್ದಿಲಿನಷ್ಟು ಕಪ್ಪಾದ ಪುಟ್ಟ ಪುಟ್ಟ ಭೂತಗಳು ಹಗ್ಗ ಹಾಕಿ, ಇಕ್ಕಳ ಹಾಕಿ, ಬಾಣ ಬಿಟ್ಟು ಅವರನ್ನು ಎಳೆದು ಬೀಳಿಸುತ್ತಿವೆ. ಕೆಲವರು ಆಗಲೇ ತಲೆಕೆಳಗಾಗಿ ಬೀಳುತ್ತಿದ್ದಾರೆ.

ಮತ್ತೆ ದೇವದೂತರು? ಮೇಲೆ ಎಡ ಮೂಲೆಯಲ್ಲಿ ಗುಂಪಾಗಿ ನಿಂತಿದ್ದಾರೆ. ನೋಡುತ್ತಿದ್ದಾರೆ. ಯಾರೂ ಕೈ ಚಾಚುವುದಿಲ್ಲ. ಒಬ್ಬನೂ ಏಣಿಯ ಮೇಲಿಲ್ಲ. ಈ ಚಿತ್ರ ಅದ್ಭುತವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಚಿನ್ನದ ಮೇಲೆ ಆ ಕಪ್ಪು ಆಕಾರಗಳು ನಿಂತ ರೀತಿ ಕಣ್ಣಿಂದ ಹೋಗುವುದಿಲ್ಲ. ಆದರೆ ನನಗೆ ಅದರ ಮುಂದೆ ಉಸಿರು ಕಟ್ಟುತ್ತದೆ. ಇಲ್ಲಿ ಹೋಗುವುದಿದೆ, ಬೀಳುವುದಿದೆ. ಬರುವುದು ಇಲ್ಲ.

ಈ ಏಣಿ ನನಗೆ ಹೊಸದೇನೂ ಆಗಿರಲಿಲ್ಲ. ಮೈಸೂರಿನಲ್ಲಿ ಅಜ್ಜಿಯ ಮನೆಯಲ್ಲಿ ವೈಕುಂಠ ಏಕಾದಶಿಯ ರಾತ್ರಿ ಜಾಗರಣೆಗೆ ಪರಮಪದ ಸೋಪಾನ ಪಟ ಬಿಚ್ಚುತ್ತಿದ್ದರು. ಮಡಚಿ ಮಡಚಿ ಮಡಿಕೆಯಲ್ಲೇ ಹರಿದ, ಹಿಂದಿನಿಂದ ಬಟ್ಟೆ ಅಂಟಿಸಿದ ಕಾಗದ. ಇವತ್ತಿನ ಹಾವು ಏಣಿ ಆಟ ಇಂಥ ಪಟಗಳಿಂದಲೇ ಬಂದದ್ದು. ಕೆಳಗಿನ ಮನೆಗಳಲ್ಲಿ ಹುಳ, ಪ್ರಾಣಿ, ಮನುಷ್ಯ ಜನ್ಮಗಳು. ಏಣಿಯ ಬುಡದಲ್ಲಿ ಗುಣಗಳ ಹೆಸರು, ಹಾವಿನ ತಲೆಯಲ್ಲಿ ರಾಕ್ಷಸರ ಹೆಸರು. ತುದಿಯಲ್ಲಿ ಶೇಷನ ಮೇಲೆ ಮಲಗಿದ ವಿಷ್ಣು. ವೈಕುಂಠಕ್ಕೆ ಇನ್ನೆರಡು ಮನೆ ಇರುವಾಗ ಒಂದು ದೊಡ್ಡ ಹಾವು, ಸೀದಾ ಕೆಳಗಿನ ಸಾಲಿಗೆ ಇಳಿಯುವಂಥದ್ದು. ಒಂದು ವರ್ಷ ಅಕ್ಕ ಅದರ ಬಾಯಿಗೆ ಬಿದ್ದು ಜೋರಾಗಿ ಅತ್ತುಬಿಟ್ಟಳು. ಅಜ್ಜಿ ಸಮಾಧಾನ ಮಾಡುತ್ತ ಜಯ ವಿಜಯರ ಕಥೆ ತೆಗೆದರು. ವೈಕುಂಠದ ಬಾಗಿಲು ಕಾಯುವವರು. ಸನಕಾದಿಗಳನ್ನು ತಡೆದದ್ದಕ್ಕೆ ಶಾಪ ತಗಲಿ ಕೆಳಗೆ ಬಿದ್ದರು. ಭಕ್ತರಾಗಿ ಏಳು ಜನ್ಮ, ವೈರಿಗಳಾಗಿ ಮೂರು ಜನ್ಮ, ಯಾವುದು ಬೇಕು ಅಂತ ಕೇಳಿದಾಗ ಮೂರೇ ಸಾಕು ಅಂದರು. ಬೇಗ ತಿರುಗಿ ಬರಬೇಕಿತ್ತು ಅವರಿಗೆ. ಹಿರಣ್ಯಾಕ್ಷ ಹಿರಣ್ಯಕಶಿಪುಗಳಾದರು, ರಾವಣ ಕುಂಭಕರ್ಣರಾದರು, ಶಿಶುಪಾಲ ದಂತವಕ್ರರಾದರು. ಆಮೇಲೆ ಅದೇ ಬಾಗಿಲಿಗೆ ಬಂದು ನಿಂತರು. "ಅವರೇ ಹೋಗಿ ಬಂದರಲ್ಲೇ, ನೀನೂ ದಾಳ ಹಾಕು" ಅಂದರು ಅಜ್ಜಿ. ಅಕ್ಕ ಮೂಗು ಒರೆಸಿಕೊಂಡು ದಾಳ ಎತ್ತಿಕೊಂಡಳು.

ಎರಡು ಹೆಜ್ಜೆ

ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿ ಭಾರ್ಹುತ್ ಸ್ತೂಪದ ಕಲ್ಲುಗಳಿವೆ. ಎರಡು ಸಾವಿರ ವರ್ಷಕ್ಕೂ ಹಳೆಯವು. ಮಧ್ಯ ಭಾರತದಲ್ಲಿ 1873ರಲ್ಲಿ ಪುರಾತತ್ವಜ್ಞ ಕನ್ನಿಂಗ್‌ಹ್ಯಾಮ್‌ಗೆ ಸಿಕ್ಕವು. ಕೆಲವು ವರ್ಷದ ಹಿಂದೆ ಕೆಲಸದ ಮೇಲೆ ಹೋದವನು ಒಂದು ಮಧ್ಯಾಹ್ನ ಅಲ್ಲಿದ್ದೆ. ಕಂದು ಕಲ್ಲಿನ ಒಂದು ಕಂಬದ ಮುಂದೆ ನನ್ನ ಕಾಲು ನಿಂತುಬಿಟ್ಟಿತು. ಕಂಬದಲ್ಲಿ ಪಕ್ಕ ಪಕ್ಕ ಮೂರು ಏಣಿ. ಸುತ್ತ ಕೈ ಮುಗಿದ ದೇವತೆಗಳು. ನಡುವಿನ ಏಣಿಯ ಮೇಲೆ ಯಾರೂ ಇಲ್ಲ. ತುದಿಯ ಮೆಟ್ಟಿನ ಮೇಲೆ ಒಂದು ಹೆಜ್ಜೆ ಗುರುತು. ಬುಡದ ಮೆಟ್ಟಿನ ಮೇಲೆ ಇನ್ನೊಂದು.

ಬುದ್ಧ ಹುಟ್ಟಿದ ಏಳೇ ದಿನಕ್ಕೆ ತಾಯಿ ಮಾಯಾದೇವಿ ತೀರಿಕೊಂಡಳು. ಅವಳಿಗೆ ಮಗನ ಮಾತು ಕೇಳುವ ಭಾಗ್ಯವಿರಲಿಲ್ಲ. ಅದಕ್ಕೇ ಅವನು ದೊಡ್ಡವನಾಗಿ, ಬುದ್ಧನಾದ ಮೇಲೆ, ದೇವಲೋಕಕ್ಕೆ ಹೋಗಿ ಮಳೆಗಾಲದ ಮೂರು ತಿಂಗಳು ತಾಯಿಗೆ ಧರ್ಮ ಹೇಳಿದ. ಆಮೇಲೆ ಸಂಕಾಶ್ಯ ಎಂಬ ಊರಿನಲ್ಲಿ ಇಳಿದು ಬಂದ. ಈಗಿನ ಉತ್ತರ ಪ್ರದೇಶದ ಸಂಕಿಸಾ ಅದು. ಇಂದ್ರ ಮೂರು ಏಣಿ ಹಾಕಿಸಿದ. ನಡುವೆ ಬುದ್ಧ, ಒಂದು ಪಕ್ಕ ಬ್ರಹ್ಮ, ಇನ್ನೊಂದು ಪಕ್ಕ ಇಂದ್ರ, ಜೊತೆಯಾಗಿ ಇಳಿದರು. ಭಾರ್ಹುತದ ಕಾಲಕ್ಕೆ ಬುದ್ಧನ ಮೈಯನ್ನು ಕೆತ್ತುವ ರೂಢಿ ಇನ್ನೂ ಬಂದಿರಲಿಲ್ಲ. ಹಾಗಾಗಿ ಶಿಲ್ಪಿ ಎರಡು ಪಾದ ಮಾತ್ರ ಕೆತ್ತಿದ. ಹೊರಟ ಹೆಜ್ಜೆ ಒಂದು, ಮುಟ್ಟಿದ ಹೆಜ್ಜೆ ಒಂದು. ಬಾತ್‌ನ ಶಿಲ್ಪಿ ದೇವದೂತನ ತಲೆ ಕೆಳಗೆ ಮಾಡಿ ಹೇಳಿದ್ದನ್ನು ಇವನು ಯಾರನ್ನೂ ಕೆತ್ತದೆ ಹೇಳಿದ್ದಾನೆ.

ಆವತ್ತು ಅಮ್ಮ ಚೆನ್ನಾಗಿದ್ದಳು. ಸಂಜೆ ಫೋನಿನಲ್ಲಿ ಇದನ್ನೆಲ್ಲ ಅವಳಿಗೆ ಹೇಳಿದೆ. ಪೂರ್ತಿ ಕೇಳಿ, "ಮೂರು ತಿಂಗಳು ಇದ್ನಾ ಅಮ್ಮನ ಹತ್ರ? ಪುಣ್ಯವಂತೆ" ಅಂದಳು. ನಾನು ಆ ವರ್ಷ ಅವಳ ಹತ್ತಿರ ಇದ್ದದ್ದು ಒಟ್ಟು ಎಷ್ಟು ದಿನ ಅಂತ ಆಗ ಲೆಕ್ಕ ಹಾಕಲಿಲ್ಲ. ಈಗ ಹಾಕಿದ್ದೇನೆ. ಹನ್ನೊಂದು ದಿನ.

ಹೋದ ವರ್ಷ ಅವಳು ಆಸ್ಪತ್ರೆಯ ಮೂರನೇ ಮಹಡಿಯಲ್ಲಿದ್ದಳು. ಒಂಬತ್ತನೇ ದಿನ ಬೆಳಿಗ್ಗೆ ಮಾತು ಕಡಿಮೆಯಾಗಿತ್ತು. ಕಣ್ಣು ತೆರೆದಿತ್ತು. ನರ್ಸ್ ಒಂದು ಚೀಟಿ ಕೊಟ್ಟು ಕೆಳಗಿನ ಅಂಗಡಿಯಿಂದ ಔಷಧಿ ತರಲು ಹೇಳಿದರು. ಅಮ್ಮನ ಕೈ ಮುಟ್ಟಿ "ಹೋಗಿ ಬರ್ತೀನಮ್ಮ" ಅಂದೆ. ರೆಪ್ಪೆ ಆಡಿತು. ಲಿಫ್ಟಿಗೆ ಕಾಯಲಾಗದೆ ಮೆಟ್ಟಿಲು ಇಳಿದೆ. ಔಷಧಿ ತಗೊಂಡು ಮತ್ತೆ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅವಳು ಇರಲಿಲ್ಲ. ಎರಡನೇ ಮಹಡಿಯ ತಿರುವಿನಲ್ಲಿ ನಾನು ಒಂದು ಕ್ಷಣ ಕಂಬಿ ಹಿಡಿದು ಉಸಿರು ತಗೊಂಡಿದ್ದೆ. ಆಗಲೇ ಆಗಿರಬೇಕು. ನಾನು ಹೋಗಿ ಬಂದೆ. ಅವಳು ಏನೂ ಹೇಳದೆ ಹೋದಳು. ಆ ಮೆಟ್ಟಿಲ ತಿರುವು ನನ್ನ ಕನಸಿಗೆ ಬರುತ್ತದೆ. ಕನಸಿನಲ್ಲಿ ನಾನು ಕಂಬಿ ಹಿಡಿದು ನಿಂತಿರುತ್ತೇನೆ, ಹತ್ತುತ್ತಿದ್ದೇನಾ ಇಳಿಯುತ್ತಿದ್ದೇನಾ ನನಗೇ ಗೊತ್ತಿರುವುದಿಲ್ಲ.

ಮಲಗಿಸಿದ ಏಣಿ

ಮೂರು ತಿಂಗಳ ಹಿಂದೆ ಮಂಗಳೂರಿಗೆ ಹೋಗಿದ್ದೆ. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲಿನಲ್ಲಿ ಬಹಳ ಹೊತ್ತು ಕೂತಿದ್ದೆ. ಇಟಲಿಯ ಜೆಸ್ವಿಟ್ ಚಿತ್ರಕಾರ ಆಂಟೋನಿಯೋ ಮೊಸ್ಕೇನಿ 1898ರಲ್ಲಿ ಮಂಗಳೂರಿಗೆ ಬಂದು ಅದರ ಗೋಡೆ, ಚಾವಣಿ ಎಲ್ಲವನ್ನೂ ಚಿತ್ರಗಳಿಂದ ತುಂಬಿಸಿದರು. ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. ಮೇಲೆಲ್ಲ ಹೂಮಾಲೆ ಹಿಡಿದ ದೇವದೂತರು. ಅವರಲ್ಲಿ ಹೆಚ್ಚಿನವರು ಹಸಿ ಸುಣ್ಣದ ಗಾರೆಯ ಮೇಲೆ ಮೂಡಿದವರು. ಗಾರೆ ಒಣಗುವ ಮೊದಲು ಬಣ್ಣ ಬೀಳಬೇಕು. ಒಂದು ದಿನಕ್ಕೆ ಎಷ್ಟು ಆಗುತ್ತದೋ ಅಷ್ಟೇ ಗಾರೆ ಹಚ್ಚಿ, ಅಷ್ಟನ್ನು ಅವತ್ತೇ ಮುಗಿಸಿ ಇಳಿಯಬೇಕು. ಸಾರುವೆ ಕಟ್ಟದೆ ಆ ಎತ್ತರ ಮುಟ್ಟಲು ಆಗುವುದಿಲ್ಲ. ಅಂದರೆ ಈ ಮನುಷ್ಯ ದಿನಾ ಬೆಳಿಗ್ಗೆ ಹತ್ತಿ ದಿನಾ ಸಂಜೆ ಇಳಿದಿದ್ದಾನೆ, ಮಂಗಳೂರಿನ ಸೆಕೆಯಲ್ಲಿ, ವರ್ಷಗಟ್ಟಲೆ. ಕತ್ತೆತ್ತಿ ನೋಡುತ್ತ ಕೂತಾಗ ನನಗೆ ಮೇಲಿನ ದೂತರಿಗಿಂತ ಆ ಕಾಣದ ಸಾರುವೆಯೇ ಜಾಸ್ತಿ ಕಾಣುತ್ತಿತ್ತು.

ಅಲ್ಲಿಂದ ಬಾಯಮ್ಮನ ಮನೆಗೆ ಹೋದೆ. ಬಾಯಮ್ಮ ಹೋಗಿ ಬಹಳ ವರ್ಷವಾಯಿತು. ಮಗಳು ಅದೇ ಮನೆಯಲ್ಲಿದ್ದಾರೆ. ಹಜಾರದಲ್ಲಿ ಆ ಹಳೆಯ ಅಚ್ಚಿನ ಚಿತ್ರ ಇನ್ನೂ ಇತ್ತು. ನೀವೂ ಎಲ್ಲಾದರೂ ನೋಡಿರುತ್ತೀರಿ. ಇರುಳು, ಕೆಳಗೆ ಭೋರ್ಗರೆಯುವ ಹೊಳೆ, ಮುರುಕಲು ಮರದ ಸೇತುವೆ, ಅದರ ಮೇಲೆ ಪುಟ್ಟ ಅಕ್ಕ ತಮ್ಮ. ಹಿಂದೆ ದೊಡ್ಡ ರೆಕ್ಕೆಯ ಕಾವಲು ದೂತ. ಯುರೋಪಿನಲ್ಲಿ ಅಗ್ಗದ ಬಣ್ಣದ ಅಚ್ಚುಗಳಾಗಿ ಹೊರಟು ಮನೆಮನೆಗೆ ಹರಡಿದ ಚಿತ್ರ. ಚಿಕ್ಕವರಿದ್ದಾಗ ಆ ಇಬ್ಬರು ಮಕ್ಕಳು ನಾವೇ ಅಂತ ನಮಗೆ ಅನುಮಾನವೇ ಇರಲಿಲ್ಲ. ಈ ಸಲ ನೋಡಿದಾಗ ಆ ಸೇತುವೆಯ ಹಲಗೆಗಳು ಕಣ್ಣಿಗೆ ಬಿದ್ದವು. ಎರಡು ಉದ್ದ ಮರ, ಅಡ್ಡಡ್ಡ ಹಲಗೆ, ನಡುವೆ ಒಂದು ಹಲಗೆ ಕಿತ್ತು ಹೋಗಿದೆ. ಇದು ಮಲಗಿಸಿದ ಏಣಿ. ದೂತ ಮಕ್ಕಳನ್ನು ಎತ್ತಿಕೊಂಡಿಲ್ಲ. ಹಾರಿಸಿಕೊಂಡು ಹೋಗುವುದೂ ಇಲ್ಲ. ಅವರ ಹಿಂದೆ ಅವರದೇ ವೇಗದಲ್ಲಿ ಬರುತ್ತಿದ್ದಾನೆ.

ಬೈಬಲ್ ಪುಸ್ತಕ ಆಗ ಸಿಗಲಿಲ್ಲ. ಹುಡುಕಿ ಫೋಟೋ ಕಳಿಸುತ್ತೇನೆ ಅಂದಿದ್ದರು. ಹೋದ ಭಾನುವಾರ ಕಳಿಸಿದರು. ದೂರದ ಊರಿನಲ್ಲಿರುವ ಅಕ್ಕನಿಗೂ ಕಳಿಸಿ ವಿಡಿಯೋ ಕಾಲ್ ಮಾಡಿದೆ. ಇಬ್ಬರೂ ಚಿತ್ರ ದೊಡ್ಡದು ಮಾಡಿ ನೋಡಿದೆವು. ನಾನು ಪಾದಗಳ ಬಗ್ಗೆ ಶುರು ಮಾಡಿದೆ. ಹಿಮ್ಮಡಿ ಎದ್ದಿದೆ, ಹಾಗಾಗಿ ಹತ್ತುತ್ತಿರಬಹುದು ಅಂದೆ. ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಪಾದ ಬಿಡು. ಬಟ್ಟೆ ಅಂಚು ನೋಡು."

ನಿಲುವಂಗಿಯ ಅಂಚು ಹಿಮ್ಮಡಿಯ ಹಿಂದೆ, ಒಂದು ಮೆಟ್ಟಿಲು ಮೇಲೆ ಹರಡಿಕೊಂಡಿತ್ತು.

"ಹತ್ತುವಾಗ ಅಂಚು ಕೆಳಗಿನ ಮೆಟ್ಟಿಲ ಮೇಲೆ ಉಳಿಯುತ್ತೆ. ಇಳಿಯುವಾಗ ಮೇಲಿನದರ ಮೇಲೆ. ಸೀರೆ ಉಟ್ಟವರಿಗೆ ಗೊತ್ತು" ಅಂದಳು. ಆಮೇಲೆ, "ಚಾಮುಂಡಿ ಬೆಟ್ಟ ನೆನಪಿದೆಯಾ?"

ನೆನಪಿದೆ. ಆಷಾಢದ ಒಂದು ಶುಕ್ರವಾರ. ಅಮ್ಮನದು ಹರಕೆ. ಸಾವಿರ ಮೆಟ್ಟಿಲಿಗೂ ಬಗ್ಗಿ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತ ಹತ್ತಿದ್ದಳು. ಇಳಿಯುವಾಗ ಸೊಂಟ ನೋವಿಗೆ ನಿಧಾನವಾಗಿ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ತುಂತುರು ಮಳೆ. ಅವಳ ಹಸಿರು ಸೀರೆಯ ಅಂಚು ಒದ್ದೆಯಾಗಿ, ಅರಿಶಿನ ಮೆತ್ತಿಕೊಂಡು, ಅವಳಿಗಿಂತ ಒಂದು ಮೆಟ್ಟಿಲು ಹಿಂದೆ ಬರುತ್ತಿತ್ತು. ಅದರ ಹಿಂದೆ ನಾನು. ಒಂದು ಸಲ ತುಳಿದೆ. ಅಮ್ಮ ತಿರುಗಿ ನೋಡದೆಯೇ "ನಿಧಾನ ಕಣೋ" ಅಂದಳು. ಆಮೇಲೆ ಪ್ರತಿ ಮೆಟ್ಟಿಲಿಗೂ ನಾನು ಎತ್ತಿದ ಕಾಲನ್ನು ಹಾಗೇ ಹಿಡಿದು ನಿಲ್ಲುತ್ತಿದ್ದೆ, ಆ ಅಂಚು ಮುಂದಿನ ಮೆಟ್ಟಿಲಿಗೆ ಜಾರುವವರೆಗೂ.